ದುಡ್ಡು ಬಂದಿದೆ ಅಂತ ತೋರಿಸುತ್ತೆ, ಕೈಗೆ ಮಾತ್ರ ಬರ್ತಿಲ್ಲ: ಪೇಮೆಂಟ್ ಗೇಟ್‌ವೇ ಹೋಲ್ಡ್ ಬಗ್ಗೆ ಗೊತ್ತಿರುವವರು ಹೇಳಿ

ಕ್ರೋಶೆಕಡ್ಡಿ
ಎಲ್ಲರಿಗೂ ನಮಸ್ಕಾರ. ನಾನು ಕ್ರೋಶೆ ಹೆಣಿಗೆಯ ನಮೂನೆಗಳನ್ನು ಪಿಡಿಎಫ್ ಮಾಡಿ ನನ್ನದೇ ಪುಟ್ಟ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಕೊಳ್ಳುವವರು ಬೇರೆ ಬೇರೆ ದೇಶಗಳವರು, ಬಹುತೇಕ ಎಲ್ಲರೂ ಕಾರ್ಡಿನಲ್ಲೇ ಕೊಡುತ್ತಾರೆ. ಇತ್ತೀಚೆಗೆ ನನ್ನ ಒಂದು ನಮೂನೆ ಯಾರದೋ ವಿಡಿಯೋದಲ್ಲಿ ಕಾಣಿಸಿಕೊಂಡಿತು. ಆರ್ಡರ್‌ಗಳು ನುಗ್ಗಿ ಬಂದವು. ಖುಷಿಪಡುವಷ್ಟರಲ್ಲಿ ಪೇಮೆಂಟ್ ಗೇಟ್‌ವೇ, ಅಂದರೆ ಕಾರ್ಡಿನ ದುಡ್ಡು ಪಡೆದು ನನಗೆ ಕೊಡುವ ಕಂಪನಿಯಿಂದ ಮೇಲ್: ಖಾತೆ ಪರಿಶೀಲನೆಯಲ್ಲಿದೆ, ಸೆಟಲ್‌ಮೆಂಟ್ (ನನ್ನ ಬ್ಯಾಂಕ್ ಖಾತೆಗೆ ದುಡ್ಡು ಹಾಕೋದು) ತಡೆಹಿಡಿದಿದ್ದೇವೆ. ಕಾರಣ ಕೇಳಿದರೆ "ಭದ್ರತೆಯ ದೃಷ್ಟಿಯಿಂದ ವಿವರ ಕೊಡಲಾಗದು" ಅಂತ ಉತ್ತರ.

ಕಂಪನಿ ಹೆಸರು ಹಾಕೋದಿಲ್ಲ, ಇನ್ನೂ ದುಡ್ಡು ಅವರ ಕೈಲಿದೆ! ನನ್ನ ಪ್ರಶ್ನೆ ಎರಡು. ಮಾರಾಟ ಕಡಿಮೆ ಇದ್ದಾಗ ಏನೂ ಕೇಳದವರು ಚೆನ್ನಾಗಿ ನಡೆದ ಕೂಡಲೇ ಯಾಕೆ ಹಿಡಿಯುತ್ತಾರೆ? ಇನ್ನೊಂದು, 3 ಡಾಲರಿನ ನಮೂನೆ ಮಾರಿದರೆ ಅವರ ಕಮಿಷನ್ ಹೋಗಿ ಉಳಿಯೋದು ನೋಡಿದರೆ ಹೊಟ್ಟೆ ಉರಿಯುತ್ತೆ. "ಮೂರು ಪರ್ಸೆಂಟ್ ಅಷ್ಟೇ" ಅಂತ ಎಲ್ಲರೂ ಹೇಳ್ತಾರಲ್ಲ, ಅದು ನಿಜವಾ?

ಬೈಟುಬೈರ
ಮೊದಲು ಕೇಳಿದ ದಾಖಲೆ ಎಲ್ಲ ಒಂದೇ ಸಲ ಅಪ್‌ಲೋಡ್ ಮಾಡಿ ಮೇಡಂ. ಕಂತು ಕಂತಾಗಿ ಕೊಟ್ಟರೆ ಪ್ರತಿ ಸಲ ಸಾಲಿನ ಕೊನೆಗೆ ಹೋಗ್ತೀರಿ. ಆ ವಿಡಿಯೋದ ಲಿಂಕನ್ನೂ ಹಾಕಿ. ಇದ್ದಕ್ಕಿದ್ದಂತೆ ಮಾರಾಟ ಏರಿದ್ದು ಯಾಕೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇರೆ ಇಲ್ಲ.

ಹಳೆಗೇಟು
ನಾನು ಕೆಲವು ವರ್ಷ ಒಂದು ಪೇಮೆಂಟ್ ಕಂಪನಿಯ ರಿಸ್ಕ್ ವಿಭಾಗದಲ್ಲಿದ್ದವನು. ಈಗ ಆ ಕೆಲಸದಲ್ಲಿಲ್ಲ, ಹಾಗಾಗಿ ಬಿಚ್ಚಿ ಹೇಳಬಹುದು.

ಹಿಂದೆ ವೆಬ್‌ನಲ್ಲಿ ಕಾರ್ಡ್ ತಗೊಳ್ಳಬೇಕಾದರೆ ಬ್ಯಾಂಕಿನಲ್ಲಿ ಮರ್ಚೆಂಟ್ ಅಕೌಂಟ್, ಅಂದರೆ ಕಾರ್ಡ್ ಪಾವತಿ ಪಡೆಯುವ ವ್ಯಾಪಾರಿ ಖಾತೆ ಮಾಡಿಸಬೇಕಿತ್ತು. ಅರ್ಜಿ, ಹಳೆಯ ಲೆಕ್ಕಪತ್ರ, ಕೆಲವು ಕಡೆ ಠೇವಣಿ. ನಿಮ್ಮಂಥ ಒಬ್ಬರೇ ನಡೆಸುವ ಸೈಟಿಗೆ ಬಹುತೇಕ "ಇಲ್ಲ" ಅನ್ನುವ ಉತ್ತರ. ಪೇಪಾಲ್ ಅನ್ನೋ ಪೇಮೆಂಟ್ ಸೇವೆ ಬೆಳೆದದ್ದೇ ಈ ಸಂದಿನಲ್ಲಿ. 1998ರಲ್ಲಿ ಕಾನ್ಫಿನಿಟಿ ಹೆಸರಿನಲ್ಲಿ ಶುರುವಾದ ಕಂಪನಿ ಅದು. ಇಬೇ ಅನ್ನೋ ಆನ್‌ಲೈನ್ ಹರಾಜು ಸೈಟಿನಲ್ಲಿ ಹಳೇ ಸಾಮಾನು ಮಾರುತ್ತಿದ್ದ, ಬ್ಯಾಂಕುಗಳು ತಿರುಗಿಯೂ ನೋಡದಿದ್ದ ಜನ ಅದನ್ನು ಎತ್ತಿಕೊಂಡರು. ಇಬೇಗೆ ತನ್ನದೇ ಪೇಮೆಂಟ್ ಸೇವೆ ಇದ್ದರೂ ಮಾರುವವರು ಪೇಪಾಲ್ ಬಿಡಲಿಲ್ಲ. ಕೊನೆಗೆ 2002ರಲ್ಲಿ ಇಬೇಯೇ 1.5 ಬಿಲಿಯನ್ ಡಾಲರಿಗೆ ಅದನ್ನು ಕೊಂಡಿತು. ಸಣ್ಣ ವ್ಯಾಪಾರಿಗಳೇ ಕಟ್ಟಿದ ಕಂಪನಿ ಅಂದರೂ ನಡೆಯುತ್ತೆ. ಆಮೇಲೆ 2010ರ ಸುಮಾರಿಗೆ ಕಾಲಿಸನ್ ಸಹೋದರರ ಸ್ಟ್ರೈಪ್ ಬಂತು, ಕೆಲವೇ ಸಾಲು ಕೋಡ್ ಹಾಕಿದರೆ ಕಾರ್ಡ್ ತಗೊಳ್ಳಬಹುದು ಅನ್ನೋ ಮಟ್ಟಕ್ಕೆ ಹೋಯಿತು.

ಇಲ್ಲಿ ನಡೆದದ್ದೇನು? ಬ್ಯಾಂಕು ಮೊದಲೇ ಮಾಡುತ್ತಿದ್ದ ಪರಿಶೀಲನೆಯನ್ನು ಇವರು ಕೈಬಿಡಲಿಲ್ಲ, ಮುಂದಕ್ಕೆ ಹಾಕಿದರು. ಒಂದು ದೊಡ್ಡ ಮರ್ಚೆಂಟ್ ಅಕೌಂಟಿನ ಕೆಳಗೆ ಲಕ್ಷಾಂತರ ಸಣ್ಣವರನ್ನು ಸೇರಿಸಿಕೊಂಡು, ಯಾರ ವ್ಯಾಪಾರ ಬೆಳೆಯುತ್ತೋ ಅವರನ್ನು ಆಗ ನೋಡೋಣ ಅಂದುಕೊಂಡರು. ಎಲ್ಲರನ್ನೂ ಮೊದಲೇ ಪರೀಕ್ಷಿಸಲು ಹೋದರೆ ಖರ್ಚು ಹುಟ್ಟೋದಿಲ್ಲ, ಬಹಳಷ್ಟು ಜನ ಖಾತೆ ತೆರೆದು ಸುಮ್ಮನಾಗಿಬಿಡ್ತಾರೆ. ಅದಕ್ಕೇ ನಿಮ್ಮ ಖಾತೆ ಐದು ನಿಮಿಷದಲ್ಲಿ ಆಯಿತು. ಅದಕ್ಕೇ ಈಗ ದುಡ್ಡು ನಿಂತಿದೆ. ಎರಡೂ ಒಂದೇ ನಿರ್ಧಾರದ ಫಲ.

ಇನ್ನು ಭಯ ಯಾತಕ್ಕೆ ಅಂದರೆ, ಕಾರ್ಡ್‌ದಾರರು ಸಾಮಾನ್ಯವಾಗಿ 120 ದಿನಗಳವರೆಗೆ ಪಾವತಿಯನ್ನು ಪ್ರಶ್ನಿಸಬಹುದು. ಮುಂಗಡ ಬುಕಿಂಗ್ ಆದರೆ ಎಣಿಕೆ ಶುರುವಾಗುವುದೇ ಮಾಲು ತಲುಪಬೇಕಿದ್ದ ದಿನದಿಂದ. ಅಷ್ಟರಲ್ಲಿ ಮಾರಿದವನು ದುಡ್ಡು ತೆಗೆದುಕೊಂಡು ನಾಪತ್ತೆಯಾದರೆ ಗೇಟ್‌ವೇ ಕೈಯಿಂದ ಕಟ್ಟಬೇಕು, ಅದೂ ಕೈಬಿಟ್ಟರೆ ಹಿಂದಿರುವ ಬ್ಯಾಂಕು. ಅಂದರೆ ಇವತ್ತು ಮಾರಿದ್ದಕ್ಕೆ ಎರಡೇ ದಿನದಲ್ಲಿ ದುಡ್ಡು ಕೊಡುವಾಗ ಅವರು ನಿಮಗೆ ಒಂಥರಾ ಸಾಲ ಕೊಡುತ್ತಿದ್ದಾರೆ. ಕಳ್ಳರ ಖಾತೆಯ ಗ್ರಾಫೂ ನಿಮ್ಮದರ ಹಾಗೇ ಇರುತ್ತೆ: ಕೆಲವು ತಿಂಗಳು ಸದ್ದಿಲ್ಲ, ಆಮೇಲೆ ಒಮ್ಮೆಲೇ ನೆಗೆತ. ಅಲ್ಗಾರಿದಮ್‌ಗೆ ವಿಡಿಯೋ ವೈರಲ್ ಆದದ್ದು ಗೊತ್ತಿಲ್ಲ.

ಪುಸ್ತಕಹುಳು
ಅಲ್ರೀ ಸರ, ಅವರ ರಿಸ್ಕ್ ಅವರು ಛಲೋ ನೋಡ್ಕೋತಾರ. ನಮ್ಮ ರಿಸ್ಕ್ ಯಾರು ನೋಡಬೇಕು?

ನಾ ಹಳೇ ಪುಸ್ತಕ ಆನ್‌ಲೈನ್ ಮಾರ್ತೀನಿ. ಒಮ್ಮೆ ಒಂದು ಅಪರೂಪದ ಪ್ರತಿ ಕಳಿಸಿದ್ದೆ. ಕೊರಿಯರ್‌ದವರು ಮುಟ್ಟಿಸ್ಯಾರ, ಸಹಿ ಐತಿ, ಎಲ್ಲಾ ಐತಿ. ಆಮೇಲೆ ನೋಡ್ರಿ, ಈ ಖರೀದಿ ನಾ ಮಾಡೇ ಇಲ್ಲ ಅಂತ ಕಾರ್ಡ್ ಮಾಲೀಕ ಬ್ಯಾಂಕಿಗೆ ಬರದ. ಯಾರೋ ಕದ್ದ ಕಾರ್ಡ್ ಅದು. ಪುಸ್ತಕ ಹೋತು, ದುಡ್ಡು ವಾಪಸ್ ಹೋತು, ಮ್ಯಾಲೆ ಚಾರ್ಜ್‌ಬ್ಯಾಕ್ ಫೀ ಅಂತ ಬ್ಯಾರೆ ಹಾಕಿದ್ರು. ಹಿಂಗ ಬ್ಯಾಂಕ್ ಮೂಲಕ ದುಡ್ಡು ವಾಪಸ್ ಎಳಕೊಳ್ಳೂದಕ್ಕ ಚಾರ್ಜ್‌ಬ್ಯಾಕ್ ಅಂತಾರ. ಆ ಕಾರ್ಡ್ ಸರಿ ಐತಿ ಅಂತ ಒಪ್ಪಿ ಪಾಸ್ ಮಾಡಿದವರು ಅವರು. ತಪ್ಪಾದ್ರ ದಂಡ ಮಾತ್ರ ನನಗ. ಇದ್ಯಾವ ನ್ಯಾಯ?

ಹಳೆಗೇಟು
ನಿಮ್ಮ ಸಿಟ್ಟು ನ್ಯಾಯವೇ. ಅಂಗಡಿಯಲ್ಲಿ ಕಾರ್ಡ್ ಕೈಗೆ ಕೊಟ್ಟು ಚಿಪ್ ಹಾಕಿಸಿ ವ್ಯಾಪಾರ ಮಾಡಿದರೆ ಕದ್ದ ಕಾರ್ಡಿನ ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ವೆಬ್‌ನಲ್ಲಿ ಕಾರ್ಡ್ ಕಣ್ಣಿಗೆ ಬೀಳದ ಕಾರಣ ಅದು ಮಾರುವವರ ತಲೆಗೆ. ಫೋನ್‌ನಲ್ಲಿ, ಟಪಾಲಿನಲ್ಲಿ ಆರ್ಡರ್ ತಗೊಳ್ಳುತ್ತಿದ್ದ ಕಾಲದ ನಿಯಮವೇ ಮುಂದುವರಿದಿದೆ.

ಒಂದು ದಾರಿ ಇದೆ. ಓಟಿಪಿ ಅಥವಾ ಬ್ಯಾಂಕ್ ಆ್ಯಪಿನ ಒಪ್ಪಿಗೆ ಕೇಳುವ 3ಡಿ ಸೆಕ್ಯೂರ್ ಇದೆಯಲ್ಲ, ಅದರ ಮೂಲಕ ಹಾದ ಪಾವತಿಗೆ "ನಾನು ಮಾಡಿಲ್ಲ" ಅನ್ನುವ ದೂರು ಬಂದರೆ ಹೊಣೆ ಬಹುತೇಕ ಬ್ಯಾಂಕಿನ ಕಡೆ ತಿರುಗುತ್ತೆ. "ಮಾಲು ಬರಲಿಲ್ಲ", "ತೋರಿಸಿದ್ದೇ ಬೇರೆ ಕಳಿಸಿದ್ದೇ ಬೇರೆ" ಅನ್ನುವ ದೂರಿಗೆ ಮಾತ್ರ ಈ ರಕ್ಷಣೆ ಇಲ್ಲ. ಎಲ್ಲ ದೇಶಗಳಲ್ಲೂ ಅದು ಕಡ್ಡಾಯ ಅಲ್ಲ. ಯುರೋಪಿನಲ್ಲಿ ಎರಡು ಹಂತದ ದೃಢೀಕರಣದ ನಿಯಮ 2019ರಿಂದ ಬಂತು. ಅಮೆರಿಕದಲ್ಲಿ ಹಾಗಿಲ್ಲ. ಹಾಗಾಗಿ ಗೇಟ್‌ವೇ ಸೆಟ್ಟಿಂಗ್‌ನಲ್ಲಿ ನೀವೇ ಆನ್ ಮಾಡಬೇಕಾಗಬಹುದು. ಆನ್ ಮಾಡಿದರೆ ಕೆಲವರು ಮಧ್ಯದಲ್ಲೇ ಬಿಟ್ಟು ಹೋಗ್ತಾರೆ, ಅದೂ ನಿಜ. ಬೆಲೆಬಾಳುವ ಪುಸ್ತಕಕ್ಕಾದರೂ ಹಾಕಿಕೊಳ್ಳಿ.

ಕೊಳ್ಳುಗ
ನಾನು ಮಾರುವವನಲ್ಲ, ಬರೀ ಕೊಳ್ಳುವವನು. ಎಲ್ಲರೂ ಚಾರ್ಜ್‌ಬ್ಯಾಕ್‌ಗೆ ಬೈತಾ ಇದ್ದೀರಿ. ಆದರೆ ಹೆಸರೇ ಕೇಳದ ಸೈಟಿನಲ್ಲಿ ನಾನು ಕಾರ್ಡ್ ನಂಬರ್ ಹಾಕುವ ಧೈರ್ಯ ಮಾಡೋದೇ ಅದಿದೆ ಅಂತ. ಅದನ್ನು ತೆಗೆದರೆ ನನ್ನಂಥವರೆಲ್ಲ ದೊಡ್ಡ ಸೈಟುಗಳಿಗೇ ಹೋಗ್ತೀವಿ. ನಷ್ಟ ಆಗೋದು ನಿಮಗೇ.

ಚೀನಾದಲ್ಲಿ ಅಲಿಪೇ ಅನ್ನೋ ಪೇಮೆಂಟ್ ಸೇವೆ ಶುರುವಾದದ್ದೂ ಹೀಗೇ ಅಲ್ವಾ? ಟಾವೊಬಾವೊ ಅನ್ನೋ ಆನ್‌ಲೈನ್ ಮಾರಾಟದ ಸೈಟಿನಲ್ಲಿ ಕೊಳ್ಳುವವನಿಗೆ ಮಾರುವವನ ಮೇಲೆ ನಂಬಿಕೆ ಇಲ್ಲ, ಮಾರುವವನಿಗೆ ಕೊಳ್ಳುವವನ ಮೇಲೆ ಇಲ್ಲ. 2004ರ ಹೊತ್ತಿಗೆ ದುಡ್ಡನ್ನು ಮಧ್ಯದಲ್ಲಿ ಇಟ್ಟುಕೊಂಡು, ಮಾಲು ಸರಿಯಾಗಿದೆ ಅಂತ ಕೊಂಡವನು ಹೇಳಿದ ಮೇಲೆ ಬಿಡುವ ಏರ್ಪಾಡು ಮಾಡಿದರು. ತಡೆಹಿಡಿಯೋದೇ ಅಲ್ಲಿ ಸೇವೆ.

ಪುಸ್ತಕಹುಳು
ಅದರಾಗ ಫರಕ್ ಐತ್ರಿ. ಅಲ್ಲಿ ಯಾವಾಗ ಬಿಡ್ತಾರ ಅನ್ನೋದು ಮೊದಲ ಗೊತ್ತಿರ್ತೈತಿ. ಇಲ್ಲಿ ಯಾಕ ಹಿಡದೀರಿ ಅಂತ ಕೇಳಿದ್ರೂ ಹೇಳೂದಿಲ್ಲ.

ಕೊಳ್ಳುಗ
ಅದನ್ನು ಒಪ್ಪುತ್ತೇನೆ.

ಲೆಕ್ಕದಬುಕ್ಕು
ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರ್ತೀನಿ. ಸಣ್ಣ ವೆಬ್ ವ್ಯಾಪಾರಿಗಳ ಲೆಕ್ಕ ಬರೆಯೋದೇ ನನ್ನ ಕೆಲಸ.

ಅಮೆರಿಕದಲ್ಲಿ ವರ್ಷಗಟ್ಟಲೆ ಚಾಲ್ತಿಯಲ್ಲಿದ್ದ, ಎಲ್ಲರೂ ಬಾಯಿಪಾಠ ಹೇಳುವ ದರ 2.9 ಪರ್ಸೆಂಟ್ ಜೊತೆಗೆ 30 ಸೆಂಟ್. ಎಲ್ಲರ ಕಣ್ಣು 2.9ರ ಮೇಲೆ. ಸಣ್ಣ ಬೆಲೆಯ ಮಾಲಿಗೆ ಕತ್ತು ಹಿಸುಕೋದು ಆ 30 ಸೆಂಟ್. 100 ಡಾಲರ್ ಮಾರಿದರೆ ಹೋಗೋದು 3.20. ಅಕ್ಕ, ನಿಮ್ಮ 3 ಡಾಲರ್ ನಮೂನೆಗೆ ಸುಮಾರು 39 ಸೆಂಟ್, ಅಂದರೆ ಹತ್ತಿರಹತ್ತಿರ 13 ಪರ್ಸೆಂಟ್. 1 ಡಾಲರಿಗೆ ಮಾರಿದರೆ ಮೂರನೇ ಒಂದು ಭಾಗ ಅವರದು. "ಮೂರು ಪರ್ಸೆಂಟ್" ಅನ್ನೋದು ದೊಡ್ಡ ಬಿಲ್ಲಿನವರ ಭಾಷೆ. ಕರೆನ್ಸಿ ಬದಲಾವಣೆಯಲ್ಲಿ ಕಟ್ಟಾಗೋದು ಇದರ ಮೇಲೆ, ಅದು ಬಿಲ್ಲಿನಲ್ಲಿ ಫೀ ಅಂತ ಕಾಣೋದೂ ಇಲ್ಲ, ದರದೊಳಗೇ ಕೂತಿರುತ್ತೆ.

ರಿಫಂಡ್ ಇನ್ನೊಂದು. ಹಿಂದೆ ರಿಫಂಡ್ ಕೊಟ್ಟರೆ ಕಮಿಷನ್ನೂ ವಾಪಸ್ ಬರುತ್ತಿತ್ತು. ಪೇಪಾಲ್ 2019ರಲ್ಲಿ ಅದನ್ನು ನಿಲ್ಲಿಸಿತು, ಸ್ಟ್ರೈಪೂ ಮರಳಿಸೋದಿಲ್ಲ. 100 ಡಾಲರ್ ಮಾರಿ, ಗಿರಾಕಿ ಮನಸ್ಸು ಬದಲಿಸಿ, ನೀವು ಒಳ್ಳೆ ಮನಸ್ಸಿನಿಂದ ಪೂರ್ತಿ ವಾಪಸ್ ಕೊಟ್ಟರೆ ಏನೂ ಮಾರದೆ 3.20 ಕಳೆದುಕೊಂಡಿರಿ. ಹಾಗಂತ ರಿಫಂಡ್ ನಿರಾಕರಿಸಿದರೆ ಅವರು ಚಾರ್ಜ್‌ಬ್ಯಾಕ್ ಹಾಕ್ತಾರೆ, ಅದಕ್ಕೆ ಅಮೆರಿಕದಲ್ಲಿ ಸ್ಟ್ರೈಪ್ ಹಾಕುವ ಫೀ 15 ಡಾಲರ್. ನನ್ನ ಗಿರಾಕಿಗಳಿಗೆ ನಾನು ಹೇಳೋದು ಇಷ್ಟೇ: ಜಗಳ ಬರುವ ಹಾಗಿದ್ದರೆ ಮೊದಲೇ ರಿಫಂಡ್ ಮಾಡಿ. ಮಾನದ ಪ್ರಶ್ನೆ ಮಾಡ್ಕೋಬೇಡಿ.

ಈ ಕಮಿಷನ್ ಎಲ್ಲಾ ಗೇಟ್‌ವೇ ತಿನ್ನುತ್ತೆ ಅಂತಲೂ ತಿಳಿಯಬೇಡಿ. ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತೆ, ಇಂಟರ್‌ಚೇಂಜ್ ಅಂತಾರೆ. ಸ್ವಲ್ಪ ವೀಸಾ, ಮಾಸ್ಟರ್‌ಕಾರ್ಡ್ ಥರದವರಿಗೆ. ಉಳಿದದ್ದು ಗೇಟ್‌ವೇಗೆ. ಗಿರಾಕಿಗೆ ಸಿಗುವ ರಿವಾರ್ಡ್ ಪಾಯಿಂಟ್ ಇದೆಯಲ್ಲ, ಅದರ ದುಡ್ಡು ಹುಟ್ಟೋದು ಇಲ್ಲಿಂದಲೇ.

ಬೈಟುಬೈರ
ಸರ್ಕಾರಗಳು ಇದಕ್ಕೆ ಮಿತಿ ಹಾಕಿವೆಯಲ್ಲ ಸರ್?

ಲೆಕ್ಕದಬುಕ್ಕು
ಹಾಕಿವೆ. ಆದರೆ ಫಲ ಯಾರಿಗೆ ಸಿಕ್ಕಿತು ಅನ್ನೋದು ನೋಡಬೇಕು. ಯುರೋಪಿಯನ್ ಒಕ್ಕೂಟ 2015ರಲ್ಲಿ ಜನಸಾಮಾನ್ಯರ ಡೆಬಿಟ್ ಕಾರ್ಡಿಗೆ 0.2 ಪರ್ಸೆಂಟ್, ಕ್ರೆಡಿಟ್ ಕಾರ್ಡಿಗೆ 0.3 ಪರ್ಸೆಂಟ್ ಅಂತ ಇಂಟರ್‌ಚೇಂಜ್ ಕಟ್ಟಿಹಾಕಿತು. ದೊಡ್ಡ ವ್ಯಾಪಾರಿಗಳ ಕರಾರಿನಲ್ಲಿ ಇಂಟರ್‌ಚೇಂಜ್ ಬೇರೆ, ಗೇಟ್‌ವೇ ಪಾಲು ಬೇರೆ ಅಂತ ಬಿಡಿಸಿ ಬರೆದಿರುತ್ತೆ, ಇಳಿದದ್ದು ನೇರ ಅವರಿಗೆ ದಕ್ಕಿತು. ಸಣ್ಣವರದು ಎಲ್ಲಾ ಸೇರಿಸಿದ ಒಂದೇ ದರ. ಒಳಗಿನ ಖರ್ಚು ಇಳಿದರೂ ಮೇಲಿನ ದರ ತಾನಾಗಿ ಇಳಿಯೋದಿಲ್ಲ, ಇಳಿಸುವ ಮನಸ್ಸು ಗೇಟ್‌ವೇಗೆ ಬರಬೇಕು.

ಅಮೆರಿಕದ ಕಥೆ ಇನ್ನೂ ವಿಚಿತ್ರ. ಡರ್ಬಿನ್ ತಿದ್ದುಪಡಿ ಅಂತ ಒಂದು ಕಾನೂನು ಬಂದು, 2011ರ ಅಕ್ಟೋಬರಿನಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ 21 ಸೆಂಟ್ ಜೊತೆಗೆ 0.05 ಪರ್ಸೆಂಟ್ ಅಂತ ಮಿತಿ ಆಯಿತು. ಅದಕ್ಕೆ ಮುಂಚೆ ಸಣ್ಣ ಮೊತ್ತದ ಖರೀದಿಗೆ ವೀಸಾ, ಮಾಸ್ಟರ್‌ಕಾರ್ಡ್ ಥರದ ಕಾರ್ಡ್ ಜಾಲಗಳು ಕಡಿಮೆ ದರ ಕೊಡುತ್ತಿದ್ದವು. ಮಿತಿ ಬಂದ ಮೇಲೆ ಆ ರಿಯಾಯಿತಿ ತೆಗೆದು ಎಲ್ಲರನ್ನೂ ಮಿತಿಯ ತುದಿಗೇ ಒಯ್ದು ನಿಲ್ಲಿಸಿದವು. ಸಣ್ಣ ಬಿಲ್ಲಿನವರ ಖರ್ಚು ಏರಿತು! ಸಣ್ಣವರ ಹೆಸರು ಹೇಳಿ ತಂದ ಕಾನೂನು ಅದು.

ನಿಜಕ್ಕೂ ಬದಲಾದದ್ದು ಕಾರ್ಡಿನ ದಾರಿಯನ್ನೇ ಬಿಟ್ಟು ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಹೋಗುವ ವ್ಯವಸ್ಥೆ ಬಂದ ಕಡೆ. ಭಾರತದ ಯುಪಿಐ 2016ರಲ್ಲಿ, ಬ್ರೆಜಿಲ್‌ನ ಪಿಕ್ಸ್ 2020ರಲ್ಲಿ. ಅಲ್ಲಿ ಬೇರೆ ತಕರಾರುಗಳಿವೆ, ಕಾರ್ಡಿನ ಥರದ ಚಾರ್ಜ್‌ಬ್ಯಾಕ್ ಹಕ್ಕು ಕೊಂಡವರಿಗೆ ಇಲ್ಲ. ಗಡಿ ದಾಟಿ ಮಾರುವವರಿಗೆ ಇನ್ನೂ ಕಾರ್ಡೇ ಗತಿ.

ಕ್ರೋಶೆಕಡ್ಡಿ
13 ಪರ್ಸೆಂಟ್! ಕೂತು ಲೆಕ್ಕ ಹಾಕಿರಲೇ ಇಲ್ಲ ನಾನು, ಬಂದದ್ದೇ ಭಾಗ್ಯ ಅಂದುಕೊಂಡಿದ್ದೆ. ಬೆಲೆ ಏರಿಸದೆ ಬೇರೆ ದಾರಿ ಇದೆಯಾ?

ಲೆಕ್ಕದಬುಕ್ಕು
ಗೊಂಚಲು ಮಾಡಿ ಮಾರಿ. ಐದು ನಮೂನೆ ಬಿಡಿಬಿಡಿಯಾಗಿ ಮಾರಿದರೆ ಕಮಿಷನ್ 1.93ರ ಮೇಲೆ. ಐದನ್ನೂ ಸೇರಿಸಿ ಒಂದೇ ಬಿಲ್ಲಿನಲ್ಲಿ 15 ಡಾಲರಿಗೆ ಮಾರಿದರೆ 74 ಸೆಂಟ್‌ನೊಳಗೆ ಮುಗಿಯುತ್ತೆ. ಉಳಿದದ್ದರಲ್ಲಿ ಗಿರಾಕಿಗೂ ಸ್ವಲ್ಪ ಬಿಟ್ಟುಕೊಡಬಹುದು. ಕೆಲವು ಸೇವೆಗಳಲ್ಲಿ ಸಣ್ಣ ಮೊತ್ತಕ್ಕೆ ಬೇರೆ ದರ ಇರುತ್ತೆ, ಕೇಳಬೇಕು ಅಷ್ಟೇ. ಪೇಪಾಲ್‌ನಲ್ಲಿ 5 ಪರ್ಸೆಂಟ್ ಜೊತೆಗೆ 5 ಸೆಂಟ್ ಅಂತ ಒಂದು ದರ ಬಹಳ ಕಾಲ ಇತ್ತು. ಆ ಲೆಕ್ಕದಲ್ಲಿ 3 ಡಾಲರಿಗೆ 20 ಸೆಂಟ್ ಮಾತ್ರ. ಸುಮಾರು 12 ಡಾಲರ್ ದಾಟಿದರೆ ಅದು ದುಬಾರಿ.

ಹಳೆಗೇಟು
ಸಣ್ಣ ಮೊತ್ತದ ಈ ಗೋಳು ವೆಬ್‌ನಷ್ಟೇ ಹಳೆಯದು. ಡೇವಿಡ್ ಚೌಮ್ ಅವರ ಡಿಜಿಟಲ್ ಹಣದ ಕಂಪನಿ ಡಿಜಿಕ್ಯಾಶ್ ಇದನ್ನೇ ಬಗೆಹರಿಸಲು ಹೊರಟಿತ್ತು, 1998ರಲ್ಲಿ ದಿವಾಳಿ. ಅದೇ ಥರದ ಸೈಬರ್‌ಕ್ಯಾಶ್ 2001ರಲ್ಲಿ ದಿವಾಳಿ. ಕಾರ್ಡ್ ಹೇಗೂ ಎಲ್ಲರ ಕೈಲಿತ್ತು, ಹೊಸ ಪರ್ಸ್ ತೆರೆಯಲು ಕೊಳ್ಳುವವರು ಒಪ್ಪಲಿಲ್ಲ.

ಪುಸ್ತಕಹುಳು
ಫೀ ಮಾತು ಬಿಡ್ರಿ, ಕೊಟ್ಟೇವು. ನನಗ ಹೆದರಿಕಿ ಬ್ಯಾರೆ ಐತಿ. ಏನು ಮಾರಬೇಕು, ಏನು ಮಾರಬಾರದು ಅಂತ ಇವರೇ ಹೇಳಾಕತ್ಯಾರ. 2010ರಾಗ ಸರ್ಕಾರಗಳ ಗುಟ್ಟಿನ ಕಾಗದ ಹೊರಗ ಹಾಕೂ ಸೈಟ್ ವಿಕಿಲೀಕ್ಸ್‌ಗೆ ದೇಣಿಗೆ ಹೋಗದಂಗ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಬಾಗಿಲು ಹಾಕಿದ್ವು. ಕೋರ್ಟ್ ತೀರ್ಪು ಇರಲಿಲ್ಲ. ಆಮ್ಯಾಲೆ 2013ರಾಗ ಐಸ್‌ಲ್ಯಾಂಡ್ ಸುಪ್ರೀಂ ಕೋರ್ಟು ಅಲ್ಲಿನ ಕಾರ್ಡ್ ಕಂಪನಿಗೆ ಬಾಗಿಲು ಮತ್ತ ತೆಗೀರಿ ಅಂತ ಹೇಳ್ತು, ಅಷ್ಟರಾಗ ಎರಡು ವರ್ಷದ ಮ್ಯಾಲಾಗಿತ್ತು. 2025ರ ಜುಲೈದಾಗ ಸಣ್ಣ ಡೆವಲಪರ್‌ಗಳ ಆಟ ಮಾರೂ ಸೈಟ್ ಇಚ್.ಐಓದವರು ವಯಸ್ಕರ ಆಟಗಳನ್ನ ಹುಡುಕಿದ್ರೂ ಸಿಗದಂಗ ಮಾಡಿದ್ರು, ಪೇಮೆಂಟ್ ಕಂಪನಿಗಳ ಒತ್ತಾಯಕ್ಕ. ಕಾನೂನಿಗೆ ವಿರುದ್ಧ ಏನೂ ಮಾಡದ ಒಂಟಿ ಡೆವಲಪರ್‌ಗಳೂ ಅದರಾಗ ಹೋದ್ರು. ನಾಳೆ ಯಾವುದೋ ಹಳೇ ಕಾದಂಬರಿ ಮುಖಪುಟ ನೋಡಿ ನನ್ನ ಖಾತೆ ಮುಚ್ಚಿದ್ರ ನಾ ಯಾರನ್ನ ಕೇಳಲಿ?

ಹಳೆಗೇಟು
ಇಲ್ಲಿ ನನ್ನ ಹಳೇ ಕಂಪನಿಯಂಥವರ ಪರ ವಾದ ಮಾಡೋಕೆ ನನ್ನಿಂದ ಆಗೋದಿಲ್ಲ. ದೊಡ್ಡ ವ್ಯಾಪಾರಿಯಾದರೆ ಅವನಿಗೊಬ್ಬ ಮ್ಯಾನೇಜರ್, ಫೋನ್ ಮಾಡಿದರೆ ಎತ್ತುತ್ತಾರೆ. ಸಣ್ಣವರು ಅಲ್ಲಿ ಶೇಕಡಾವಾರು ಅಂಕಿ ಮಾತ್ರ. ಒಂದು ಖಾತೆಯನ್ನು ಮನುಷ್ಯ ಕೂತು ನೋಡುವ ಖರ್ಚು ಆ ಖಾತೆಯಿಂದ ಬರುವ ವರ್ಷದ ಲಾಭಕ್ಕಿಂತ ಹೆಚ್ಚಾದರೆ ಮುಚ್ಚುವುದೇ ಅಗ್ಗ ಅನ್ನುವ ಲೆಕ್ಕ ನಾನೇ ಮೀಟಿಂಗಿನಲ್ಲಿ ಕೇಳಿದ್ದೇನೆ.

ಇನ್ನೊಂದು ಅಪಾಯ ಹೇಳಿಬಿಡ್ತೀನಿ, ಬಹಳ ಜನಕ್ಕೆ ಗೊತ್ತಿಲ್ಲ. ಚಾರ್ಜ್‌ಬ್ಯಾಕ್ ಅತಿಯಾಗಿ ಅಥವಾ ಮೋಸದ ಕಾರಣಕ್ಕೆ ಮುಚ್ಚಿದ ವ್ಯಾಪಾರಿಗಳ ಪಟ್ಟಿಯೊಂದನ್ನು ಮಾಸ್ಟರ್‌ಕಾರ್ಡ್ ಇಟ್ಟಿದೆ, ಮ್ಯಾಚ್ ಅಂತ ಹೆಸರು. ಹೊಸ ಖಾತೆ ಕೊಡುವ ಮುಂಚೆ ಬ್ಯಾಂಕುಗಳು ಅದನ್ನು ನೋಡುತ್ತವೆ. ಸೇರಿದರೆ 5 ವರ್ಷ ಹೆಸರು ಅಲ್ಲೇ. ಅಕ್ಕನಿಗೆ ಹೆದರಿಕೆ ಬೇಡ, ಹೋಲ್ಡ್ ಆದವರೆಲ್ಲ ಅದಕ್ಕೆ ಸೇರೋದಿಲ್ಲ.

ಬೈಟುಬೈರ
ಟೆಕ್ನಿಕಲ್ ಕಡೆಯಿಂದ ನನ್ನದೊಂದಷ್ಟು. ಎರಡನೇ ಗೇಟ್‌ವೇ ಖಾತೆ ತೆರೆದು, ಪರಿಶೀಲನೆ ಮುಗಿಸಿ, ತಿಂಗಳಿಗೆ ಕೆಲವು ಆರ್ಡರ್ ಆದರೂ ಅದರಲ್ಲಿ ಹೋಗುವ ಹಾಗೆ ಇಟ್ಟುಕೊಳ್ಳಿ. ಮೊದಲನೆಯದು ನಿಂತ ದಿನ ಹೊಸದು ತೆರೆಯಲು ಹೋದರೆ ಅಲ್ಲೂ ಅದೇ "ಹೊಸ ಖಾತೆ, ದಿಢೀರ್ ಮಾರಾಟ" ಅನ್ನುವ ಗುಮಾನಿ. ನಿಮ್ಮ ತಪ್ಪಿಲ್ಲದೆಯೂ ನಿಲ್ಲಬಹುದು ಮಾರಾಯ್ರೆ. 2020ರ ಜೂನಿನಲ್ಲಿ ಜರ್ಮನಿಯ ಪೇಮೆಂಟ್ ಕಂಪನಿ ವೈರ್‌ಕಾರ್ಡ್‌ನ ಲೆಕ್ಕದಲ್ಲಿ 1.9 ಬಿಲಿಯನ್ ಯೂರೋ ಇಲ್ಲವೇ ಇಲ್ಲ ಅಂತ ಗೊತ್ತಾಗಿ ಕಂಪನಿ ಕುಸಿಯಿತು. ಬ್ರಿಟನ್ನಿನಲ್ಲಿ ಅದರ ಅಂಗಸಂಸ್ಥೆಯನ್ನು ನಿಯಂತ್ರಕರು ಕೆಲವು ದಿನ ನಿಲ್ಲಿಸಿದಾಗ, ಅದರ ಹೆಸರೂ ಕೇಳದ ಜನರ ಕಾರ್ಡುಗಳು ಸತ್ತುಬಿದ್ದವು. ಅವರು ಬಳಸುತ್ತಿದ್ದ ಆ್ಯಪ್‌ಗಳ ಹಿಂದೆ ಇದ್ದದ್ದು ಅದೇ.

ಎರಡನೆಯದು, ಕಾರ್ಡ್ ಟೆಸ್ಟಿಂಗ್. ಕದ್ದ ಕಾರ್ಡ್ ನಂಬರ್ ಬದುಕಿದೆಯಾ ನೋಡಲು ಬಾಟ್‌ಗಳು ಹುಡುಕೋದು ನಿಮ್ಮಂಥ ಸೈಟನ್ನೇ: ಬೆಲೆ ಕಡಿಮೆ, ಮಾಲು ಡಿಜಿಟಲ್, ಕೇಳುವವರಿಲ್ಲ. ರಾತ್ರೋರಾತ್ರಿ ನೂರಾರು ಫೇಲ್ ಆದ ಪಾವತಿ ಕಂಡರೆ ಅದೇ. ಚೆಕ್‌ಔಟಿಗೆ ಕ್ಯಾಪ್ಚಾ ಹಾಕಿ, ಒಂದೇ ಐಪಿಯಿಂದ ಪದೇ ಪದೇ ಬಂದರೆ ತಡೆಯಿರಿ. ಇದನ್ನು ಬಿಟ್ಟರೆ ಹೋಲ್ಡ್ ಮತ್ತೆ ಬರುತ್ತೆ. ಕಾರ್ಡ್ ನಂಬರ್ ತುಂಬುವ ಪುಟ ಗೇಟ್‌ವೇದ್ದೇ ಇರಲಿ, ನಿಮ್ಮ ಸರ್ವರ್ ಮುಟ್ಟಬಾರದು. ಪಿಸಿಐ, ಅಂದರೆ ಕಾರ್ಡ್ ವಿವರ ಸುರಕ್ಷಿತವಾಗಿಡುವ ನಿಯಮಗಳ ಪ್ರಶ್ನಾವಳಿ ಆಗ ಚಿಕ್ಕದಾಗುತ್ತೆ.

ಕ್ರೋಶೆಕಡ್ಡಿ
ಎಲ್ಲರಿಗೂ ಧನ್ಯವಾದ. ಬೈರ ಹೇಳಿದ ಹಾಗೆ ವಿಡಿಯೋ ಲಿಂಕ್ ಸಮೇತ ಎಲ್ಲಾ ಒಟ್ಟಿಗೆ ಕಳಿಸಿದೆ. ಹೆಚ್ಚಿನ ಪಾಲು ಬಿಟ್ಟಿದ್ದಾರೆ. ಆದರೆ ಇನ್ನು ಮುಂದೆ "ರೋಲಿಂಗ್ ರಿಸರ್ವ್" ಅಂತೆ, ಪ್ರತಿ ಮಾರಾಟದಲ್ಲಿ 10 ಪರ್ಸೆಂಟ್ 180 ದಿನ ಇಟ್ಟುಕೊಳ್ತಾರಂತೆ. ಒಪ್ಪಿಕೊಳ್ಳಲಾ? ಇನ್ನೊಂದು, ತಿಂಗಳ ಸದಸ್ಯತ್ವ ಶುರು ಮಾಡುವ ಯೋಚನೆ ಇದೆ, ಪ್ರತಿ ತಿಂಗಳು ಒಂದು ಹೊಸ ನಮೂನೆ. ಅದು ಯಾವ ಗೇಟ್‌ವೇಯಲ್ಲಿ ಇಡಬೇಕು?

ಲೆಕ್ಕದಬುಕ್ಕು
ರಿಸರ್ವ್ ಖರ್ಚಲ್ಲ, ಬರಬೇಕಾದ ಬಾಕಿ. ಲೆಕ್ಕದಲ್ಲಿ ಬೇರೆ ಖಾತೆಯಲ್ಲಿ ತೋರಿಸಿ. ತೆರಿಗೆ ಮಾತ್ರ ಸಾಮಾನ್ಯವಾಗಿ ಪೂರ್ತಿ ಮಾರಾಟದ ಮೇಲೆ ಬೀಳುತ್ತೆ, ಕೈಗೆ ಬಂದ 90ರ ಮೇಲಲ್ಲ. ಮೊದಲ ಆರು ತಿಂಗಳು ಅದಕ್ಕೆ ತಕ್ಕ ಹಾಗೆ ಕೈಹಿಡಿತ ಇರಲಿ, ಆಮೇಲೆ ಹಳೆಯದು ಬಿಡುಗಡೆ ಆಗ್ತಾ ಹೊಸದು ಸೇರ್ತಾ ಸರಿದೂಗುತ್ತೆ.

ಹಳೆಗೇಟು
ನಿಮ್ಮದು ತಕ್ಷಣ ಡೌನ್‌ಲೋಡ್ ಆಗುವ ಮಾಲು, ತಲುಪಿಲ್ಲ ಅನ್ನುವ ದೂರು ಬರುವ ಸಂಭವ ಕಡಿಮೆ. 180 ದಿನ ಹೆಚ್ಚಾಯಿತು, ಚೌಕಾಶಿ ಮಾಡಿ. ಡೌನ್‌ಲೋಡ್ ಲಾಗ್, ರಿಫಂಡ್ ನಿಯಮ, ಹಿಂದಿನ ಚಾರ್ಜ್‌ಬ್ಯಾಕ್ ಎಣಿಕೆ ಮೂರನ್ನೂ ಕಳಿಸಿ, 90 ದಿನಕ್ಕೆ ಇಳಿಸಿ ಅಂತ ಬರೆಯಿರಿ. ಇಳಿಸದಿದ್ದರೂ ಮರುಪರಿಶೀಲನೆ ಯಾವ ತಿಂಗಳು ಅಂತ ಬರವಣಿಗೆಯಲ್ಲಿ ತಗೊಳ್ಳಿ. ಕೇಳದಿದ್ದರೆ ಆ ರಿಸರ್ವ್ ಹಾಗೇ ಉಳಿದುಬಿಡುತ್ತೆ, ತೆಗೆಯಬೇಕು ಅಂತ ಯಾರೂ ನೆನಪಿಟ್ಟುಕೊಳ್ಳೋದಿಲ್ಲ.

ಸದಸ್ಯತ್ವದ್ದು ಬೇರೆ ವಿಷಯ. ಬಿಡಿ ಮಾರಾಟವನ್ನು ನಾಳೆ ಬೇರೆ ಗೇಟ್‌ವೇಗೆ ತಿರುಗಿಸಬಹುದು. ಸದಸ್ಯರ ಕಾರ್ಡ್ ವಿವರ ಮಾತ್ರ ಗೇಟ್‌ವೇಯ ಬೀಗದೊಳಗೆ ಇರುತ್ತೆ, ನಿಮ್ಮ ಹತ್ತಿರ ಇರೋದು ಬರೀ ಟೋಕನ್, ಅಂದರೆ ಕಾರ್ಡ್ ನಂಬರ್ ಬದಲು ಅವರು ಕೊಟ್ಟ ಗುರುತು. ಆ ಟೋಕನ್ ಇನ್ನೊಂದು ಕಡೆ ನಡೆಯೋದಿಲ್ಲ. ನೀವು ಬಿಟ್ಟು ಹೋಗುವಾಗ ಕಾರ್ಡ್ ವಿವರಗಳನ್ನು ಪಿಸಿಐ ಪ್ರಮಾಣಪತ್ರ ಇರುವ ಇನ್ನೊಂದು ಗೇಟ್‌ವೇಗೆ ನೇರ ವರ್ಗಾಯಿಸಿ ಕೊಡ್ತಾರಾ ಅಂತ ಸೇರುವ ಮುಂಚೆ ಕೇಳಿ. ಖಾತೆ ಅವರೇ ಮುಚ್ಚಿದರೂ ಕೊಡ್ತಾರಾ ಅಂತಲೂ ಕೇಳಿ. ಮೊದಲನೆಯದಕ್ಕೆ ಬಹಳಷ್ಟು ಜನ ಹೌದು ಅಂತಾರೆ, ಎರಡನೆಯದಕ್ಕೆ ಉತ್ತರ ಬರೋದು ತಡ.

ಕ್ರೋಶೆಕಡ್ಡಿ
ಎರಡೂ ಪ್ರಶ್ನೆ ಇವತ್ತೇ ಕಳಿಸಿದೆ. ಸದಸ್ಯರ ಇಮೇಲ್ ಪಟ್ಟಿಯನ್ನು ಬೇರೆ ಕಡೆ ಇಳಿಸಿ ಇಟ್ಟುಕೊಂಡೆ. ಉತ್ತರ ಬಂದರೆ ಇಲ್ಲೇ ಹಾಕ್ತೀನಿ.

ಪುಸ್ತಕಹುಳು
ಎರಡನೇದಕ್ಕ ಏನಂದ್ರು ಅಂತ ಖಂಡಿತ ಹಾಕ್ರಿ ಅಕ್ಕಾರ. ನಾನೂ ಅದನ್ನೇ ನನ್ನ ಗೇಟ್‌ವೇದವರಿಗೆ ಕಳಿಸೀನಿ.